ಇತಿಹಾಸ ಪಾಠಕ್ಕೆ ಸಿಮ್ಯುಲೇಷನ್ ತಂದೆ. ಮಕ್ಕಳು ಆಟ ಕಲಿತರು, ಇತಿಹಾಸ ಕಲಿತರಾ?

ಚಾಕ್‌ಪುಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ತರಗತಿಗೆ ಇತಿಹಾಸ ಪಾಠ ಮಾಡುವ ಟೀಚರ್. ಹೋದ ತಿಂಗಳು ಮೊದಲ ಸಲ ಒಂದು ಕಂಪ್ಯೂಟರ್ ಸಿಮ್ಯುಲೇಷನ್ ತರಗತಿಗೆ ತಂದೆ. ಆವತ್ತಿನಿಂದ ಒಂದು ಗೊಂದಲ ತಲೆಯಲ್ಲಿ ಕೂತಿದೆ. ಅನುಭವ ಇದ್ದವರು ಹೇಳಬೇಕು.

ವಿಷಯ ರೋಮನ್ನರ ಕಾಲದ ಸಮುದ್ರ ವ್ಯಾಪಾರ. ನಾಲ್ಕು ಮಕ್ಕಳು ಸೇರಿದರೆ ಒಂದು ವ್ಯಾಪಾರಿ ಮನೆತನ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಗೋಧಿ ಅಥವಾ ಎಣ್ಣೆ ಕೊಳ್ಳಬೇಕು, ಹಡಗಿಗೆ ತುಂಬಬೇಕು, ರೋಮ್‌ಗೆ ಮುಟ್ಟಿಸಬೇಕು. ದಾರಿಯಲ್ಲಿ ಬಿರುಗಾಳಿ, ಬಂದರಿನಲ್ಲಿ ಸುಂಕ. ಹನ್ನೆರಡು ಸರದಿ ಮುಗಿದಾಗ ಯಾರ ಹತ್ತಿರ ಹಣ ಜಾಸ್ತಿಯೋ ಅವರು ಗೆದ್ದ ಹಾಗೆ.

ಮೂರು ಪೀರಿಯಡ್ ಆಡಿಸಿದೆ. ನನ್ನ ತರಗತಿಯಲ್ಲಿ ಅಷ್ಟು ಜೀವ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ವರ್ಷವಿಡೀ ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗ, ಸುಂಕ ಯಾಕೆ ಇಷ್ಟೊಂದು ಅಂತ ಎದ್ದು ನಿಂತು ಕೇಳಿದ.

ಆಮೇಲೆ ಒಂದು ಪುಟ ಬರೆಯಲು ಹೇಳಿದೆ. ಅಂದಿನ ವ್ಯಾಪಾರಿಯ ಬದುಕು ಹೇಗಿದ್ದಿರಬಹುದು? ಚೆನ್ನಾಗಿ ಓದುವ ಹುಡುಗಿಯೊಬ್ಬಳು ಬರೆದದ್ದನ್ನು ಹಾಗೇ ಇಲ್ಲಿ ಹಾಕುತ್ತೇನೆ: “ಮೊದಲ ಮೂರು ಸರದಿ ಗೋಧಿ ಕೊಳ್ಳಬಾರದು, ಎಣ್ಣೆ ಕೊಳ್ಳಬೇಕು. ಬಿರುಗಾಳಿ ಆರು ಸರದಿಗೆ ಒಮ್ಮೆ ಬರುತ್ತದೆ. ಆರನೇ ಸರದಿಯಲ್ಲಿ ಬಂದರಿನಲ್ಲೇ ನಿಂತುಬಿಟ್ಟರೆ ನಷ್ಟ ಇಲ್ಲ.” ಉಳಿದವರು ಬರೆದದ್ದೂ ಹೆಚ್ಚು ಕಡಿಮೆ ಇದೇ.

ಇದನ್ನು ಓದಿ ನನಗೆ ತುಂಬಾ ಬೇಜಾರಾಯಿತು. ಮೂರು ಪೀರಿಯಡ್ ಅಂದರೆ ಸಣ್ಣ ಮಾತಲ್ಲ, ಪಾಠ ಮುಗಿಸಲೇ ಸಮಯ ಸಾಲುವುದಿಲ್ಲ. ಮಕ್ಕಳು ಕಲಿತದ್ದು ರೋಮ್ ಬಗ್ಗೆಯೋ, ಆ ಪ್ರೋಗ್ರಾಂ ಬಗ್ಗೆಯೋ? ಇದನ್ನು ಕೈಬಿಡಬೇಕೋ, ಅಥವಾ ನಾನು ಮಾಡಿಸಿದ ರೀತಿಯಲ್ಲೇ ತಪ್ಪಿದೆಯೋ? ಇತಿಹಾಸಕಾರರು ನಿಜವಾಗಿಯೂ ಇಂಥದ್ದನ್ನು ಬಳಸುತ್ತಾರಾ?

ಹಳೇನಕ್ಷೆ ಉತ್ತರ:

ಟೀಚರ್, ಆ ಹುಡುಗಿಯ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಮುಂದಿನ ಪಾಠ ಅದರಲ್ಲೇ ಇದೆ.

ನೀವು ಕೇಳಿದ ಪ್ರಶ್ನೆಗೆ ಅವಳು ಉತ್ತರ ಬರೆದಿಲ್ಲ, ನಿಜ. ಆದರೆ ಅವಳು ಮಾಡಿರುವ ಕೆಲಸ ನೋಡಿ. ಯಾರೂ ಹೇಳಿಕೊಡದೆ, ಬರೀ ಆಡಿ ಆಡಿ, ಆ ಸಿಮ್ಯುಲೇಷನ್ನಿನ ಹೊಟ್ಟೆಯೊಳಗೆ ಕೈ ಹಾಕಿ ನಿಯಮ ಹೊರಗೆ ತೆಗೆದಿದ್ದಾಳೆ. “ಬಿರುಗಾಳಿ ಆರು ಸರದಿಗೆ ಒಮ್ಮೆ.” ಇದು ಪ್ರೋಗ್ರಾಂ ಬರೆದವರು ರೋಮನ್ ಕಡಲಿನ ಬಗ್ಗೆ ಹೇಳುತ್ತಿರುವ ಮಾತು. ಪಠ್ಯಪುಸ್ತಕ ಬರೆದವರು ವಾಕ್ಯದಲ್ಲಿ ಹೇಳುವುದನ್ನು ಇವರು ನಿಯಮ ಮಾಡಿ ಹೇಳಿದ್ದಾರೆ. ಆ ಮಾತಿಗೆ ಆಧಾರ ಏನು ಅಂತ ಕೇಳಿದ ತಕ್ಷಣ ಇತಿಹಾಸದ ಪಾಠ ಶುರುವಾಯಿತು, ಅಲ್ವಾ?

ಕೇಳಿ ನೋಡಿ. ವೆಜೀಷಿಯಸ್ ಎಂಬ ರೋಮನ್ ಲೇಖಕ ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಕಡಲು ಮುಚ್ಚಿರುತ್ತದೆ, ಅಂದರೆ ಹಡಗು ಬಿಡುವ ಕಾಲವಲ್ಲ ಅಂತ ಬರೆದಿದ್ದಾನೆ. ಹಾಗಾದರೆ ಅಪಾಯ ಬರುತ್ತಿದ್ದದ್ದು ತಿಂಗಳು ನೋಡಿಕೊಂಡು. ನಿಮ್ಮ ಸಿಮ್ಯುಲೇಷನ್ನಿನಲ್ಲಿ ಒಂದು ಸರದಿ ಅಂದರೆ ಎಷ್ಟು ದಿನ? ಯಾವ ತಿಂಗಳಿಂದ ಶುರು? ಬಹುಶಃ ಬರೆದವರು ಅದನ್ನು ಯೋಚಿಸಿಯೇ ಇಲ್ಲ. ಇನ್ನೊಂದು: ಬೇಸಿಗೆಯಲ್ಲಿ ಆ ಮೆಡಿಟರೇನಿಯನ್ ಕಡಲಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ರೋಮ್‌ನಿಂದ ಅಲೆಕ್ಸಾಂಡ್ರಿಯಾಕ್ಕೆ ಗಾಳಿ ಬೆನ್ನಿಗಿರುತ್ತದೆ, ಬೇಗ ಮುಟ್ಟಬಹುದು. ಗೋಧಿ ತುಂಬಿಕೊಂಡು ವಾಪಸ್ ಬರುವಾಗ ಗಾಳಿ ಎದುರು, ಎಷ್ಟೋ ಪಟ್ಟು ಹೆಚ್ಚು ದಿನ ಬೇಕು. ನಿಮ್ಮ ಆಟದಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ಸರದಿ ಇದ್ದರೆ, ಅಲ್ಲೊಂದು ತಪ್ಪು ಸಿಕ್ಕಿತು.

ಇದನ್ನು ಪರೀಕ್ಷೆ ಮಾಡಲು ಒಳ್ಳೇ ಸಾಧನವೊಂದಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆರ್ಬಿಸ್. ವಾಲ್ಟರ್ ಶೈಡೆಲ್ ಮತ್ತು ಎಲೈಜಾ ಮೀಕ್ಸ್ 2012ರಲ್ಲಿ ತಂದದ್ದು. ಸುಮಾರು ಕ್ರಿ.ಶ. 200ರ ರೋಮನ್ ಜಗತ್ತಿನ ರಸ್ತೆ, ನದಿ, ಕಡಲ ದಾರಿ ಎಲ್ಲ ಅದರಲ್ಲಿವೆ. ಎಲ್ಲಿಂದ ಎಲ್ಲಿಗೆ, ಯಾವ ಕಾಲದಲ್ಲಿ ಅಂತ ಹೇಳಿದರೆ ಎಷ್ಟು ದಿನ, ಎಷ್ಟು ಖರ್ಚು ಅಂತ ತೋರಿಸುತ್ತದೆ. ಸಾಗಣೆ ಖರ್ಚಿನ ಲೆಕ್ಕ ನಿಂತಿರುವುದು ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ 301ರಲ್ಲಿ ಹೊರಡಿಸಿದ ಬೆಲೆ ಶಾಸನದ ಮೇಲೆ. 200ನೇ ಇಸವಿಯ ಜಗತ್ತಿಗೆ 301ರ ಬೆಲೆ ಯಾಕೆ ಅಂತ ಮಕ್ಕಳು ಕೇಳಿದರೆ ಖುಷಿಪಡಿ. ಉಳಿದು ಬಂದದ್ದು ಅದು, ಅದಕ್ಕೆ. ಇತಿಹಾಸಕಾರರ ಕಷ್ಟವೆಲ್ಲ ಈ ಒಂದು ಉತ್ತರದಲ್ಲಿದೆ.

ನಾನು ಹನ್ನೊಂದು ವರ್ಷದಿಂದ ತರಗತಿಯಲ್ಲಿ ಸಿಮ್ಯುಲೇಷನ್ ಬಳಸುತ್ತಿದ್ದೇನೆ. ಮೊದಲೆಲ್ಲ ನಾನೂ ಮಕ್ಕಳಿಗೆ “ಬನ್ನಿ, ಹಳೇ ಕಾಲಕ್ಕೆ ಹೋಗಿ ಬರೋಣ” ಅಂತಲೇ ಹೇಳುತ್ತಿದ್ದೆ. ಅದನ್ನು ಬಿಟ್ಟದ್ದು ಒಂದು ಗ್ರಾಫ್ ನೋಡಿದ ದಿನ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು.

ಅಮೆರಿಕದ ಅರಿಜೋನಾದ ಈಶಾನ್ಯ ಭಾಗದಲ್ಲಿ ಲಾಂಗ್ ಹೌಸ್ ವ್ಯಾಲಿ ಅಂತ ಒಂದು ಸಣ್ಣ ಕಣಿವೆ. ಅಲ್ಲಿ ಮೆಕ್ಕೆಜೋಳ ಬೆಳೆದುಕೊಂಡು ನೂರಾರು ವರ್ಷ ಜನ ಬದುಕಿದ್ದರು. 1300ರ ಹೊತ್ತಿಗೆ ಕಣಿವೆ ಪೂರ್ತಿ ಖಾಲಿ. 1276ರಿಂದ 1299ರವರೆಗೆ ದೊಡ್ಡ ಬರ ಬಂದಿತ್ತು ಅಂತ ಮರದ ಉಂಗುರಗಳು ಹೇಳುತ್ತವೆ. ಬರ ಬಂತು, ಜನ ಹೋದರು, ಇಷ್ಟೇನಾ? ರಾಬರ್ಟ್ ಆಕ್ಸ್‌ಟೆಲ್, ಜೋಶುವಾ ಎಪ್‌ಸ್ಟೈನ್, ಪುರಾತತ್ವಜ್ಞ ಜೆಫ್ರಿ ಡೀನ್ ಮತ್ತು ಜೊತೆಗಾರರು ಆ ಕಣಿವೆಯನ್ನೇ ಕಂಪ್ಯೂಟರಿನಲ್ಲಿ ಕಟ್ಟಿದರು. 2002ರಲ್ಲಿ ಪ್ರಕಟವಾಯಿತು. 800ನೇ ಇಸವಿಯಿಂದ 1350ರವರೆಗೆ ವರ್ಷ ವರ್ಷವೂ ಓಡುತ್ತದೆ. ನಿಯಮಗಳು ಬಹಳ ಸರಳ. ಒಂದು ಮನೆಗೆ 5 ಜನ. ತಲೆಗೆ ವರ್ಷಕ್ಕೆ 160 ಕಿಲೋ ಜೋಳ ಬೇಕು. ಬೆಳೆದದ್ದೂ ಕೂಡಿಟ್ಟದ್ದೂ ಸಾಲದಿದ್ದರೆ ಬೇರೆ ಹೊಲ ಹುಡುಕಬೇಕು. ಸಿಗದಿದ್ದರೆ ಕಣಿವೆ ಬಿಡಬೇಕು.

ಇದನ್ನು ನೆಟ್‌ಲೋಗೋ ಎಂಬ ಉಚಿತ ತಂತ್ರಾಂಶದಲ್ಲಿ ಓಡಿಸಬಹುದು. ನಾನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟಿದ್ದೆ. ಎರಡು ಗೆರೆ. ಒಂದು ಪುರಾತತ್ವಜ್ಞರು ಅಲ್ಲಿನ ಅವಶೇಷಗಳಿಂದ ಲೆಕ್ಕ ಹಾಕಿದ ಮನೆಗಳ ಸಂಖ್ಯೆ, ಇನ್ನೊಂದು ಮಾಡೆಲ್ ಹೇಳುವ ಸಂಖ್ಯೆ. ನೂರಾರು ವರ್ಷ ಎರಡೂ ಹತ್ತಿರ ಹತ್ತಿರವೇ ಏರುತ್ತವೆ, ಇಳಿಯುತ್ತವೆ. ಮಕ್ಕಳು ಓಟದ ಪಂದ್ಯ ನೋಡುವ ಹಾಗೆ ನೋಡುತ್ತಿದ್ದರು. ಬರದ ವರ್ಷಗಳು ಬಂದವು. ಎರಡೂ ಗೆರೆ ಕೆಳಗೆ ಬಂದವು. ನಿಜವಾದ ಗೆರೆ ಸೊನ್ನೆಗೆ ಬಿತ್ತು. ಮಾಡೆಲ್‌ನ ಗೆರೆ ಬೀಳಲಿಲ್ಲ. ಸ್ವಲ್ಪ ಮೇಲೆ, ಒಂದಷ್ಟು ಮನೆಗಳನ್ನು ಹಿಡಿದುಕೊಂಡು ಹಾಗೇ ಮುಂದೆ ಹೋಯಿತು.

“ಸರ್, ಕಂಪ್ಯೂಟರ್ ತಪ್ಪು ಮಾಡಿದೆ” ಅಂದ ಒಬ್ಬ ಹುಡುಗ.

ನಾನು ಏನೋ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಹುಡುಗಿ ಅಂದಳು: “ತಪ್ಪು ಮಾಡಿಲ್ಲ. ಅದಕ್ಕೆ ನೆಂಟರು ಅಂದರೆ ಗೊತ್ತಿಲ್ಲ. ಅಕ್ಕಪಕ್ಕದವರೆಲ್ಲ ಹೊರಟರೆ, ಜೋಳ ಇದೆ ಅಂತ ನೀನೊಬ್ಬನೇ ಅಲ್ಲಿ ಕೂರುತ್ತೀಯಾ?”

ಆ ಮಾಡೆಲ್ ಕಟ್ಟಿದವರು ತಲುಪಿದ ಜಾಗವೂ ಹೆಚ್ಚು ಕಡಿಮೆ ಅದೇ. ಬರದಲ್ಲೂ ಆ ಕಣಿವೆ ಕೆಲವರನ್ನು ಸಾಕುತ್ತಿತ್ತು. ಎಲ್ಲರೂ ಹೋದರು ಅಂದರೆ, ಬರೀ ಹವಾಮಾನದಿಂದ ಅದನ್ನು ವಿವರಿಸಲಾಗದು. ಒಬ್ಬರಿಗೊಬ್ಬರು ಇದ್ದ ಸಂಬಂಧ, ನಂಬಿಕೆ, ಬೇರೆ ಕಡೆಯ ಸೆಳೆತ, ಇಂಥ ಏನೋ ಇರಬೇಕು. ಎರಡು ಗೆರೆಗಳ ನಡುವಿನ ಆ ಬೆರಳಗಲದ ಜಾಗ ಇಲ್ಲದಿದ್ದರೆ ಈ ಪ್ರಶ್ನೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಒಂದು ಮಾತು ಸೇರಿಸಬೇಕು. ಆ ಮಾಡೆಲ್‌ನ ಹೆಸರಿನಲ್ಲಿ ಅನಸಾಜಿ ಅಂತ ಇದೆ. ಅದು ಆ ಕಣಿವೆಯಂಥ ಕಡೆ ಇದ್ದವರಿಗೆ ಹೊರಗಿನವರು ಇಟ್ಟ ಹೆಸರು, ಅವರ ವಂಶದವರಾದ ಪ್ಯೂಬ್ಲೊ ಜನರಲ್ಲಿ ಎಷ್ಟೋ ಮಂದಿಗೆ ಅದು ಇಷ್ಟವಿಲ್ಲ. ಕಣಿವೆ ಬಿಟ್ಟವರು ಮಾಯವಾಗಲಿಲ್ಲ. ಹೋಪಿ, ಝೂನಿ ಮೊದಲಾದ ಪ್ಯೂಬ್ಲೊ ಜನ ಇವತ್ತೂ ಇದ್ದಾರೆ, ತಮ್ಮ ಹಿರಿಯರು ಹೇಗೆ ಊರಿಂದ ಊರಿಗೆ ಬಂದರು ಅಂತ ಅವರದ್ದೇ ಕಥೆಗಳಿವೆ. ತರಗತಿಯಲ್ಲಿ ಇದನ್ನು ಹೇಳದೆ ಬಿಡಬೇಡಿ. ಇಲ್ಲದಿದ್ದರೆ ಮಕ್ಕಳ ತಲೆಯಲ್ಲಿ ಅವರು ಪರದೆಯ ಮೇಲಿನ ಚುಕ್ಕೆಗಳಾಗಿಯೇ ಉಳಿಯುತ್ತಾರೆ.

ನಾನು ಈಗ ಮಾಡುವುದು ಹೀಗೆ. ಮೂರು ಪೀರಿಯಡ್ ಆಡಿಸುವುದಿಲ್ಲ, ಒಂದೇ ಪೀರಿಯಡ್. ಎರಡನೆಯದರಲ್ಲಿ ಮಕ್ಕಳು ನಿಯಮಗಳನ್ನು ಪಟ್ಟಿ ಮಾಡುತ್ತಾರೆ, ನಿಮ್ಮ ಹುಡುಗಿ ಮಾಡಿದ ಹಾಗೆ. ಮೂರನೆಯದರಲ್ಲಿ ಒಂದೊಂದು ಗುಂಪು ಒಂದೊಂದು ನಿಯಮ ಹಿಡಿದು, ಇದಕ್ಕೆ ಸಾಕ್ಷಿ ಎಲ್ಲಿದೆ ಅಂತ ಹುಡುಕುತ್ತದೆ. ಮೂರನೇ ಪೀರಿಯಡ್ಡೇ ನನಗೆ ಮುಖ್ಯ. ಆಟದ ಗದ್ದಲ ಆ ದಿನ ಇರುವುದಿಲ್ಲ, ಅದಕ್ಕೆ ಹೆದರಬೇಡಿ.

ಕಡತಕೋಣೆ ಉತ್ತರ:

ಹಳೇನಕ್ಷೆ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಒಂದು ಭಯ ಹೇಳಿಬಿಡುತ್ತೇನೆ. ನಾನು ಹಳೇ ಕಾಗದಪತ್ರಗಳ ನಡುವೆ ಕೆಲಸ ಮಾಡುವವಳು.

ಗ್ರಾಫ್ ಮೇಲೆ ಗೆರೆ ಹೊಂದಿಕೊಂಡಿತು ಅಂದ ತಕ್ಷಣ ನಾವು ನಂಬಿಬಿಡುತ್ತೇವೆ. ಅದೇ ಲಾಂಗ್ ಹೌಸ್ ವ್ಯಾಲಿ ಮಾಡೆಲ್ ಅನ್ನು ಮಾರ್ಕೊ ಜಾನ್ಸೆನ್ ಮತ್ತೆ ಮೊದಲಿಂದ ಕಟ್ಟಿ 2009ರಲ್ಲಿ ಪ್ರಕಟಿಸಿದರು. ಗೆರೆಗಳು ಹೊಂದಿಕೊಳ್ಳಲು ಮುಖ್ಯ ಕಾರಣ ಆ ನೆಲ ಎಷ್ಟು ಜನರನ್ನು ಸಾಕಬಲ್ಲದು ಎಂಬ ಲೆಕ್ಕ ಅಂತ ಅವರಿಗೆ ಕಂಡಿತು. ಮನೆಗಳ ನಡವಳಿಕೆಯ ಉಳಿದ ನಿಯಮಗಳದ್ದು ಅಷ್ಟು ದೊಡ್ಡ ಪಾತ್ರ ಇರಲಿಲ್ಲ. ಅಂದರೆ ಫಲಿತಾಂಶ ಸರಿ ಬಂದರೂ, ನಾವು ಅಂದುಕೊಂಡ ಕಾರಣದಿಂದ ಬಂದಿದೆ ಅಂತ ಹೇಳುವ ಹಾಗಿಲ್ಲ. ಮಕ್ಕಳಿಗೆ ಇದನ್ನೂ ತೋರಿಸಬೇಕು.

ಎರಡನೆಯದು, ಯಾರ ಜಾಗದಲ್ಲಿ ಕೂರಿಸುತ್ತೀರಿ ಅನ್ನುವುದು. ಶಾಲೆಗೆ ಬಂದ ಇತಿಹಾಸದ ಸಿಮ್ಯುಲೇಷನ್‌ಗಳಲ್ಲಿ ಬಹಳ ಹೆಸರಾದದ್ದು ಆರಿಗನ್ ಟ್ರೇಲ್, ಅಮೆರಿಕದ ಪಶ್ಚಿಮಕ್ಕೆ ಗಾಡಿಯಲ್ಲಿ ವಲಸೆ ಹೋದವರ ಆಟ. 1971ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಡಾನ್ ರಾವಿಟ್ಷ್ ಎಂಬ ಶಿಕ್ಷಕ ತರಬೇತಿಯಲ್ಲಿದ್ದವರು, ಬಿಲ್ ಹೈನೆಮನ್ ಮತ್ತು ಪಾಲ್ ಡಿಲ್ಲೆನ್‌ಬರ್ಗರ್ ಎಂಬ ಇಬ್ಬರು ಗೆಳೆಯರ ಜೊತೆ ಎಂಟನೇ ತರಗತಿಗೆ ಅಂತ ಮಾಡಿದ್ದು. ಪಶ್ಚಿಮಕ್ಕೆ ವಲಸೆ ಹೋದವರ ದಿನಚರಿಗಳನ್ನು ಓದಿ, ಯಾವ ಕಷ್ಟ ಎಷ್ಟು ಸಲ ಬರುತ್ತಿತ್ತು ಅಂತ ನೋಡಿ, ಆಮೇಲಿನ ಆವೃತ್ತಿಯ ಸಂಖ್ಯೆಗಳನ್ನು ರಾವಿಟ್ಷ್ ಸರಿಪಡಿಸಿದರು. ಇದು ನನಗೆ ಬಹಳ ಗೌರವ ತರಿಸುವ ಕೆಲಸ. ಆದರೂ ಆ ಗಾಡಿಯಲ್ಲಿ ಕೂತ ಮಗುವಿಗೆ ದಾರಿ ಕಾಣುತ್ತದೆ, ಆ ದಾರಿ ಹಾದು ಹೋದ ನೆಲದಲ್ಲಿ ಮೊದಲೇ ಇದ್ದವರ ಕಣ್ಣು ಸಿಗುವುದಿಲ್ಲ. ದಿನಚರಿ ಬರೆದವರು ಗಾಡಿಯೊಳಗಿದ್ದವರು. ಸಾಕ್ಷಿ ಒಂದು ಕಡೆಯಿಂದ ಬಂದರೆ ನಿಯಮವೂ ಆ ಕಡೆಯಿಂದಲೇ ಬರುತ್ತದೆ.

ನಿಮ್ಮ ರೋಮ್ ಹಡಗಿಗೂ ಇದನ್ನೇ ಕೇಳಿ. ಆಟದಲ್ಲಿ ಎಲ್ಲ ಮಕ್ಕಳೂ ಹಡಗಿನ ಯಜಮಾನರು. ಬಂದರಿನಲ್ಲಿ ಮೂಟೆ ಹೊತ್ತವನು ಎಲ್ಲಿ? ರೋಮ್‌ನಲ್ಲಿ ಆ ಗೋಧಿಗೆ ಕಾದು ನಿಂತವರು ಎಲ್ಲಿ? ಅವರಿಗೆ ಹಡಗು ತಡವಾದರೆ ಲಾಭ ನಷ್ಟದ ಮಾತಲ್ಲ, ಹಸಿವಿನ ಮಾತು.

ವೆಜೀಷಿಯಸ್ ಜೊತೆಗೆ ಸ್ಯೂಟೋನಿಯಸ್ ಎಂಬ ಇನ್ನೊಬ್ಬ ರೋಮನ್ ಲೇಖಕ ಬರೆದದ್ದನ್ನೂ ಓದಿಸಿ. ಧಾನ್ಯದ ಕೊರತೆಯಾದಾಗ ಕ್ಲಾಡಿಯಸ್ ಚಕ್ರವರ್ತಿಯನ್ನು ಜನ ಫೋರಂ ಎಂಬ ಊರ ಚೌಕದ ನಡುವೆಯೇ ಅಡ್ಡಗಟ್ಟಿ ಬೈದು, ರೊಟ್ಟಿ ಚೂರು ಎಸೆದರು. ಅದಾದ ಮೇಲೆ ಚಳಿಗಾಲದಲ್ಲೂ ಧಾನ್ಯ ತರಿಸಲು, ಬಿರುಗಾಳಿಯಲ್ಲಿ ಆದ ನಷ್ಟ ತಾನೇ ತುಂಬಿಕೊಡುತ್ತೇನೆ ಅಂತ ವ್ಯಾಪಾರಿಗಳಿಗೆ ಅವನು ಮಾತು ಕೊಟ್ಟ. ಆ ರೊಟ್ಟಿ ಚೂರಿಗೆ ಯಾವ ಸಿಮ್ಯುಲೇಷನ್ನಿನಲ್ಲಿ ಜಾಗ ಇದೆ, ಹೇಳಿ.

ಅಲೆಲೆಕ್ಕ ಉತ್ತರ:

ನಾನು ಶಿಕ್ಷಕ ಅಲ್ಲ, ಪ್ರೋಗ್ರಾಮರ್. “ಇತಿಹಾಸಕಾರರು ನಿಜವಾಗಿಯೂ ಬಳಸುತ್ತಾರಾ” ಅಂತ ಕೇಳಿದ್ದೀರಿ. ನನಗೆ ಬಹಳ ಇಷ್ಟವಾದ ಉದಾಹರಣೆ ಒಂದಿದೆ, ಅದು ಕಂಪ್ಯೂಟರ್‌ಗಳು ಕೋಣೆ ತುಂಬ ಇರುತ್ತಿದ್ದ ಕಾಲದ್ದು.

ಪೆಸಿಫಿಕ್ ಸಾಗರದ ನಡುವೆ ಚದುರಿದ ಪಾಲಿನೇಷ್ಯಾದ ದ್ವೀಪಗಳಿಗೆ ಜನ ಹೇಗೆ ಮುಟ್ಟಿದರು? ದೂರದ ದ್ವೀಪಗಳನ್ನು ಅವರು ಹುಡುಕಿಕೊಂಡು ಹೋದದ್ದಲ್ಲ, ಗಾಳಿಗೆ ಸಿಕ್ಕಿಯೋ ದಾರಿ ತಪ್ಪಿಯೋ ಅಕಸ್ಮಾತ್ ಮುಟ್ಟಿದ್ದು ಅಂತ ಆಂಡ್ರೂ ಶಾರ್ಪ್ 1956ರಲ್ಲಿ ವಾದ ಮಾಡಿದರು. ವಾದ ಪ್ರತಿವಾದ ಬಹಳ ನಡೆಯಿತು. ಮೈಕೆಲ್ ಲೆವಿಸನ್, ಜೆರಾರ್ಡ್ ವಾರ್ಡ್, ಜಾನ್ ವೆಬ್ ಎಂಬ ಮೂವರು ಕೇಳಿದ್ದು ಇಷ್ಟೇ: ಸರಿ, ತೇಲಿಬಿಟ್ಟೇ ನೋಡೋಣ. ಆ ಸಾಗರದ ಗಾಳಿ ಮತ್ತು ನೀರಿನ ಸೆಳೆತದ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದರು. ಬೇರೆ ಬೇರೆ ದ್ವೀಪದಿಂದ, ಬೇರೆ ಬೇರೆ ತಿಂಗಳಲ್ಲಿ, ಹುಟ್ಟು ಹಾಕದ ದೋಣಿಗಳನ್ನು ಬಿಟ್ಟರು. ಒಂದಲ್ಲ ಎರಡಲ್ಲ, 1,00,000ಕ್ಕೂ ಹೆಚ್ಚು ಪಯಣ. 1973ರಲ್ಲಿ ಪುಸ್ತಕವಾಗಿ ಬಂತು.

ಏನಾಯಿತು ಅಂದರೆ, ಹತ್ತಿರದ ಎಷ್ಟೋ ದ್ವೀಪಗಳಿಗೆ ದೋಣಿಗಳು ತೇಲಿಕೊಂಡೇ ಮುಟ್ಟಿದವು. ಆದರೆ ಹವಾಯಿ, ನ್ಯೂಜಿಲೆಂಡ್, ಈಸ್ಟರ್ ದ್ವೀಪ, ಈ ಮೂರು ಮೂಲೆಗಳಿಗೆ ಪಾಲಿನೇಷ್ಯಾದ ಒಳಗಿನಿಂದ ಬರೀ ತೇಲಿಕೊಂಡು ಮುಟ್ಟುವುದು ಆಗದ ಮಾತು ಅಂತ ತೋರಿತು. ದಿಕ್ಕು ಹಿಡಿದು ಹಾಯಿ ಬಿಟ್ಟಾಗ ಮಾತ್ರ ಅಂಥ ದೂರ ಸಾಧ್ಯ ಆಗುತ್ತಿತ್ತು.

ಪರದೆಯ ಮೇಲೆ ಒಂದೂ ದೋಣಿ ಮುಟ್ಟದ ಖಾಲಿ ಜಾಗ ಇದೆಯಲ್ಲ, ಅದರಲ್ಲಿ ಮನುಷ್ಯರ ಬುದ್ಧಿ ಕಾಣಿಸಿತು. ಬೇಕು ಅಂತಲೇ, ಗೊತ್ತಿದ್ದೇ ಹೊರಟವರು ಅವರು. 1976ರಲ್ಲಿ ಹೊಕುಲೇಯ ಎಂಬ ಜೋಡಿ ದೋಣಿ ಹವಾಯಿಯಿಂದ ಟಹೀಟಿಗೆ ಹೋಯಿತು. ದಿಕ್ಸೂಚಿ ಇಲ್ಲ. ದಾರಿ ತೋರಿಸಿದವರು ಮೈಕ್ರೊನೇಷ್ಯಾದ ಸಟವಾಲ್ ದ್ವೀಪದ ಮಾವು ಪಿಯೈಲುಗ್, ನಕ್ಷತ್ರ ಮತ್ತು ಅಲೆ ನೋಡಿಕೊಂಡು. ಕಂಪ್ಯೂಟರ್ “ತೇಲಿಕೊಂಡು ಆಗದು” ಅಂದಿತ್ತು, ಇವರು “ನಡೆಸಿಕೊಂಡು ಆಗುತ್ತದೆ” ಅಂತ ಮಾಡಿ ತೋರಿಸಿದರು. ಕಡತಕೋಣೆ ಮೇಡಂ ಕೇಳುವ ಮನುಷ್ಯ, ಸಿಮ್ಯುಲೇಷನ್ ಸೋತ ಜಾಗದಲ್ಲೇ ಸಿಗುತ್ತಾನೆ ಅಂತ ನನಗೆ ಅನ್ನಿಸುತ್ತದೆ.

ಕಿವಿಗೊಟ್ಟು ಉತ್ತರ:

ಚಿಕ್ಕದೊಂದು ಸೇರಿಸುತ್ತೇನೆ. ಕಿವಿಗೂ ಸಿಮ್ಯುಲೇಷನ್ ಇದೆ. ಲಂಡನ್ನಿನ ಹಳೇ ಸೇಂಟ್ ಪಾಲ್ಸ್ ಚರ್ಚಿನ ಅಂಗಳದಲ್ಲಿ 1622ರ ನವೆಂಬರ್ 5ಕ್ಕೆ ಅಂತ ಕವಿಯೂ ಪಾದ್ರಿಯೂ ಆಗಿದ್ದ ಜಾನ್ ಡನ್ ಸಿದ್ಧಮಾಡಿದ ಉಪದೇಶವನ್ನು ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಕೇಳುವ ಹಾಗೆ ಕಟ್ಟಿದ್ದಾರೆ. ಆ ಚರ್ಚ್ 1666ರ ಬೆಂಕಿಯಲ್ಲಿ ಹೋಯಿತು. ಗೋಡೆಗಳ ಅಳತೆ, ಜನರ ಗುಂಪು, ಗಂಟೆ, ಹಕ್ಕಿ ಎಲ್ಲ ಲೆಕ್ಕಕ್ಕೆ ತಗೊಂಡಿದ್ದಾರೆ. ಬೇರೆ ಬೇರೆ ಜಾಗದಲ್ಲಿ ನಿಂತು ಕೇಳಬಹುದು. ಹತ್ತಿರ ನಿಂತರೆ ಒಂದೊಂದು ಮಾತೂ ಕೇಳುತ್ತದೆ, ದೂರ ಹೋದ ಹಾಗೆ ಕರಗುತ್ತದೆ. ಉಪದೇಶದ ಅಚ್ಚಾದ ಪುಟ ಓದಿದವರಿಗೆ ಹಿಂದೆ ನಿಂತವನಿಗೆ ಎಷ್ಟು ಕೇಳಿಸಿತ್ತು ಎಂಬ ಪ್ರಶ್ನೆ ಹೊಳೆಯುವುದೇ ಇಲ್ಲ. ನನಗಂತೂ ಹೊಳೆದಿರಲಿಲ್ಲ.

ಚಾಕ್‌ಪುಡಿ (ಎರಡು ವಾರದ ನಂತರ):

ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್. ನಿನ್ನೆ ಮೊನ್ನೆ ನಡೆದದ್ದು ಹೇಳಲೇಬೇಕು.

ಆ ಹುಡುಗಿಯ ಮೂರು ಸಾಲನ್ನು ಬೋರ್ಡ್ ಮೇಲೆ ಬರೆದೆ. ಹೆಸರು ಹೇಳಲಿಲ್ಲ, ಆದರೆ ಅವಳ ಮುಖ ಅರಳಿತು. “ಇದನ್ನು ಯಾರು ತೀರ್ಮಾನ ಮಾಡಿದರು?” ಅಂತ ಕೇಳಿದೆ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗ, ಸುಂಕದವನು, “ಪ್ರೋಗ್ರಾಂ ಮಾಡಿದವರು ಸುಮ್ನೆ ಹಾಕಿರಬೇಕು ಟೀಚರ್” ಅಂದ. ಹಾಗಾದರೆ ನೀನಾಗಿದ್ದರೆ ಏನು ಹಾಕುತ್ತಿದ್ದೆ ಅಂದೆ. ಅಲ್ಲಿಂದ ಹಿಡಿದುಕೊಂಡಿತು.

ವೆಜೀಷಿಯಸ್ ಹೇಳಿದ ತಾರೀಖು ಕೊಟ್ಟೆ. ಹನ್ನೆರಡು ಸರದಿಯನ್ನು ಹನ್ನೆರಡು ತಿಂಗಳು ಅಂತ ಮಾಡಿದರು. ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಹಡಗು ಬಿಡುವ ಹಾಗಿಲ್ಲ ಅಂತ ಬರೆದರು. ಮಾರನೇ ದಿನ ಕ್ಲಾಡಿಯಸ್ ಕಥೆ ಹೇಳಿದೆ. ರೊಟ್ಟಿ ಎಸೆದದ್ದು ಕೇಳಿ ತರಗತಿ ಪೂರ್ತಿ ಗಪ್‌ಚಿಪ್. ಆ ಹುಡುಗಿ ಎದ್ದು ಬಂದು “ಹಡಗು ಬಿಡುವ ಹಾಗಿಲ್ಲ” ಎಂಬುದನ್ನು ತಾನೇ ಒರೆಸಿದಳು. “ಬಿಡಬಹುದು, ಆದರೆ ಮುಳುಗಿದರೆ ಯಾರ ನಷ್ಟ ಅಂತ ಮೊದಲೇ ಬರೆಯಬೇಕು” ಅಂತ ಬರೆದಳು. ಒಂದು ಗುಂಪು ಈಗ ರೋಮ್‌ನ ಹಸಿದ ಜನ ಆಗಿದೆ. ಅವರ ಹತ್ತಿರ ಹಣ ಇಲ್ಲ, ಚಕ್ರವರ್ತಿಯನ್ನು ಅಡ್ಡಗಟ್ಟುವ ಹಕ್ಕು ಮಾತ್ರ ಇದೆ.

ಈಗ ತೊಂದರೆ ಏನೆಂದರೆ, ನಮ್ಮ ಸಿಮ್ಯುಲೇಷನ್ನಿನ ನಿಯಮ ಬದಲಿಸಲು ಬರುವುದಿಲ್ಲ, ಅದು ಮುಚ್ಚಿದ ಪೆಟ್ಟಿಗೆ. ಜೊತೆಗೆ ಮುಂದಿನ ತಿಂಗಳಿಂದ ನಮಗೆ ಒಂದೇ ಕಂಪ್ಯೂಟರ್ ಸಿಗುತ್ತದೆ. ಹೇಗೆ ಮುಂದುವರಿಸಲಿ?

ಹಳೇನಕ್ಷೆ ಉತ್ತರ:

ಓದಿ ಕಣ್ಣು ತುಂಬಿತು ಟೀಚರ್. “ಮುಳುಗಿದರೆ ಯಾರ ನಷ್ಟ” ಅನ್ನುವುದಕ್ಕಿಂತ ಒಳ್ಳೇ ಪ್ರಶ್ನೆ ನನಗೆ ಗೊತ್ತಿಲ್ಲ.

ಒಂದೇ ಕಂಪ್ಯೂಟರ್ ಅಂತ ಚಿಂತೆ ಮಾಡಬೇಡಿ. 1971ರಲ್ಲಿ ರಾವಿಟ್ಷ್ ಅವರ ತರಗತಿಗೆ ಪರದೆಯೇ ಇರಲಿಲ್ಲ. ಕಾಗದದ ಮೇಲೆ ಅಚ್ಚು ಹೊಡೆಯುವ ಟೆಲಿಟೈಪ್ ಯಂತ್ರ ಇತ್ತು, ಅದರ ಸುತ್ತ ಮಕ್ಕಳು ಗುಂಪುಗೂಡಿ ಆಡುತ್ತಿದ್ದರು.

ಕಂಪ್ಯೂಟರ್ ಇಲ್ಲದೆಯೂ ಆಗುತ್ತದೆ. ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಮಾಡೆಲ್ ಒಂದಿದೆ. ಊರುಗಳಲ್ಲಿ ಜನ ಬೇರೆ ಬೇರೆ ಕೇರಿಗಳಾಗಿ ಯಾಕೆ ಒಡೆದು ಹೋಗುತ್ತಾರೆ ಎಂಬುದರ ಬಗ್ಗೆ. ಚೌಕಳಿ ಹಾಳೆ, ಎರಡು ಬಗೆಯ ನಾಣ್ಯ ಸಾಕು. ನಾಣ್ಯಗಳನ್ನು ಹೇಗೆಂದರೆ ಹಾಗೆ ಹರಡಿ, ಕೆಲವು ಚೌಕ ಖಾಲಿ ಬಿಡಿ. ಒಂದೇ ನಿಯಮ: ಸುತ್ತಲಿನವರಲ್ಲಿ ಮೂರರಲ್ಲಿ ಒಂದು ಪಾಲಾದರೂ ತನ್ನ ಬಗೆಯವರಿದ್ದರೆ ನಾಣ್ಯ ಅಲ್ಲೇ ಇರುತ್ತದೆ, ಇಲ್ಲದಿದ್ದರೆ ಖಾಲಿ ಚೌಕಕ್ಕೆ ಹೋಗುತ್ತದೆ. ಯಾರಿಗೂ ಯಾರ ಮೇಲೂ ದೊಡ್ಡ ದ್ವೇಷ ಇಲ್ಲ. ಆದರೂ ಹದಿನೈದು ಇಪ್ಪತ್ತು ನಿಮಿಷ ಜರುಗಿಸಿದ ಮೇಲೆ ಹಾಳೆಯ ಮೇಲೆ ಎರಡೂ ಬಗೆ ಬೇರೆ ಬೇರೆ ಗುಂಪಾಗಿ ನಿಂತಿರುತ್ತವೆ. ಮಕ್ಕಳು ತಮ್ಮ ಕೈಯಿಂದಲೇ ಅದನ್ನು ಮಾಡಿರುತ್ತಾರೆ, ಅದಕ್ಕೇ ಬೆಚ್ಚಿಬೀಳುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ಅಪಾಯ. ಅಮೆರಿಕದ ಊರುಗಳು ಹಾಗೆ ಒಡೆದದ್ದು ಬರೀ ಸಣ್ಣ ಸಣ್ಣ ಇಷ್ಟಗಳಿಂದ ಅಂತ ಮಕ್ಕಳು ತಿಳಿದುಬಿಡುತ್ತಾರೆ. ಹಾಗಾಗಿ ಎರಡನೇ ಸುತ್ತು ಆಡಿಸಿ. 1930ರ ದಶಕದಲ್ಲಿ ಅಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ಊರುಗಳ ನಕ್ಷೆ ಮಾಡಿ ಬಡಾವಣೆಗಳಿಗೆ ಎ ಯಿಂದ ಡಿ ವರೆಗೆ ದರ್ಜೆ ಕೊಟ್ಟಿತ್ತು. ಕಪ್ಪು ಜನ ಇದ್ದ ಕೇರಿಗಳಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಡಿ ದರ್ಜೆ, ನಕ್ಷೆಯಲ್ಲಿ ಕೆಂಪು ಬಣ್ಣ, ಸಾಲ ಕೊಟ್ಟರೆ ಅಪಾಯ ಎಂಬ ಅರ್ಥದಲ್ಲಿ. ಕಪ್ಪು ಜನರಿಗೆ ಮಾರಬಾರದು ಅಂತ ಮನೆ ಪತ್ರದಲ್ಲೇ ಷರತ್ತು ಬರೆಯುತ್ತಿದ್ದರು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವ ಹಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಇಂಥ ಭೇದ ಮಾಡಬಾರದು ಎಂಬ ಕಾನೂನು ಬಂದದ್ದು 1968ರಲ್ಲಿ. ಹಾಳೆಯ ಮೇಲೆ ಕೆಲವು ಚೌಕಕ್ಕೆ ಕೆಂಪು ಬಳಿಯಿರಿ. ಒಂದು ಬಗೆಯ ನಾಣ್ಯ ಅದರಾಚೆ ಹೋಗುವಂತಿಲ್ಲ ಅನ್ನಿ.

ನಾನು ಇದನ್ನು ಮಾಡಿಸಿದಾಗ ಒಂದು ಮಗು ನಾಣ್ಯವನ್ನು ಖಾಲಿ ಚೌಕದ ಮೇಲೆ ಎತ್ತಿ ಹಿಡಿದು, ಇಡದೆ, ನನ್ನ ಮುಖ ನೋಡಿತು. “ಇದಕ್ಕೆ ಹೋಗಬೇಕು ಅಂತಿದೆ, ಜಾಗವೂ ಇದೆ, ಆದರೂ ಹೋಗುವ ಹಾಗಿಲ್ವಾ?” ಅಂತ ಕೇಳಿತು. ಮೊದಲ ಸುತ್ತಿನಲ್ಲಿ ಯಾವ ನಾಣ್ಯವನ್ನೂ ಯಾರೂ ತಡೆದಿರಲಿಲ್ಲ. ಎರಡೂ ಹಾಳೆಗಳನ್ನು ಪಕ್ಕ ಪಕ್ಕ ಗೋಡೆಗೆ ಅಂಟಿಸಿದೆವು. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತಿದ್ದವು. ಹತ್ತಿರ ಹೋಗಿ ನಿಯಮ ಓದಿದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತಿತ್ತು.

ನಿಮ್ಮ ರೋಮ್ ಆಟವನ್ನೂ ಹೀಗೇ ಕಾಗದಕ್ಕೆ ಇಳಿಸಿ. ಹನ್ನೆರಡು ಚೀಟಿ, ಒಂದೊಂದು ತಿಂಗಳಿಗೆ. ಬಿರುಗಾಳಿಗೆ ದಾಳ. ಚಳಿಗಾಲದ ತಿಂಗಳುಗಳಲ್ಲಿ ಎಷ್ಟು ಬಿದ್ದರೆ ಹಡಗು ಮುಳುಗಬೇಕು ಅಂತ ಮಕ್ಕಳೇ ಸೇರಿ ತೀರ್ಮಾನ ಮಾಡಲಿ, ಯಾಕೆ ಅಂತ ಪಕ್ಕದಲ್ಲಿ ಬರೆಯಲಿ. ಇರುವ ಒಂದು ಕಂಪ್ಯೂಟರಿನಲ್ಲಿ ಆರ್ಬಿಸ್ ತೆರೆದಿಡಿ, ದಿನಗಳ ಲೆಕ್ಕಕ್ಕೆ ಬಂದು ಬಂದು ನೋಡಿಕೊಂಡು ಹೋಗುತ್ತಾರೆ. ಹಸಿದ ಜನರ ಗುಂಪನ್ನು ಬಾಗಿಲ ಹತ್ತಿರ ಕೂರಿಸಿ, ಹಡಗಿನ ಯಜಮಾನರು ಪ್ರತಿ ಸಲ ಅವರನ್ನು ದಾಟಿಯೇ ಕಂಪ್ಯೂಟರಿಗೆ ಹೋಗುವ ಹಾಗೆ. ಆ ಹುಡುಗಿ ಮುಂದೆ ಏನು ಒರೆಸಿ ಏನು ಬರೆದಳು ಅಂತ ಇಲ್ಲಿ ತಪ್ಪದೆ ತಿಳಿಸಿ.